ಮುಳುಗುವುದು ಯಾತಕ್ಕೆ?

ತೆಲಿಗಿ, ಹರಪನಹಳ್ಳಿ ಕಡೆಯವರಿಗೆ ಸಮುದ್ರದಾಳದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಮುಗಿಲು ನೋಡಿ ಮೆಕ್ಕೆಜೋಳ ಬಿತ್ತುವ ಸೀಮೆ ಇದು. ಆದರೆ ಹತ್ತಿರದ ಸಂಡೂರು ಗುಡ್ಡಗಳ ಕಬ್ಬಿಣ, ಮ್ಯಾಂಗನೀಸ್ ಅದಿರು ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ಪದರಪದರವಾಗಿ ಕೂತದ್ದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ತಣಿದ ಲಾವಾ ಇವತ್ತಿಗೂ ದಿಂಬು ಪೇರಿಸಿಟ್ಟಂತೆ ಬಿದ್ದಿದೆ. ಒಂದು ಕಾಲದ ಸಮುದ್ರತಳವನ್ನು ಅಗೆದರೆ ಏನಾಗುತ್ತದೆಂದು ಕಣ್ಣಾರೆ ಕಂಡ ಸೀಮೆಯಿದು. ಈಗಿನ ಸಮುದ್ರತಳಕ್ಕೆ ಇಳಿಯುವವರು ಯಾತಕ್ಕೆ ಇಳಿಯುತ್ತಿದ್ದಾರೆಂದು ಕೇಳುವ ಹಕ್ಕು ಕರಾವಳಿಯವರಷ್ಟೇ ನಮಗೂ ಇದೆ.

ಇಳಿಯಬೇಕಾದದ್ದು ನೋಡುವುದಕ್ಕೆ. ನೋಡದೆ ಆಡಿದ ಮಾತು ಎಷ್ಟು ಪೊಳ್ಳಾಗಬಹುದು ಎಂಬುದಕ್ಕೆ ನಿಸರ್ಗವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಸಾಕು. 1840ರ ದಶಕದಲ್ಲಿ ಆತ ಏಜಿಯನ್ ಸಮುದ್ರದ ತಳ ಕೆರೆದು, ಕೆಳಗಿಳಿದಷ್ಟೂ ಜೀವಿಗಳು ಕಡಿಮೆಯಾಗುವುದನ್ನು ಕಂಡು, ಸುಮಾರು 550 ಮೀಟರ್ ಕೆಳಗೆ ಜೀವವೇ ಇಲ್ಲವೆಂದು ಊಹಿಸಿದ. ದಡ್ಡನಲ್ಲ, ಎಣಿಸಿಯೇ ಹೇಳಿದ್ದ. 1977ರಲ್ಲಿ ಗಲಪಗೋಸ್ ಬಳಿ ಸುಮಾರು 2,500 ಮೀಟರ್ ಆಳಕ್ಕೆ 'ಆಲ್ವಿನ್' ನೌಕೆ ಇಳಿದಾಗ ಕಂಡದ್ದೇ ಬೇರೆ. ಬಿಸಿನೀರಿನ ಬುಗ್ಗೆಗಳ ಸುತ್ತ ಚಿಪ್ಪುಜೀವಿಗಳ ರಾಶಿ, ಬಿಳಿ ಕೊಳವೆಯಿಂದ ಕೆಂಪು ಗರಿ ಚಾಚಿದ ಹುಳುಗಳು. ಈ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ತೆಗೆದು ಅದನ್ನು ಸಾಕುತ್ತವೆ. ಆ ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಅವರು ಬುಗ್ಗೆ ಹುಡುಕಲು ಹೋದವರು; ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅಷ್ಟಕ್ಕೆ ಮನುಷ್ಯನೇ ಹೋಗಬೇಕೇ, ಯಂತ್ರ ಸಾಲದೇ? ಆಕ್ಷೇಪ ಗಟ್ಟಿಯಾದದ್ದೇ. 1977ರಲ್ಲೂ ಮೊದಲು ಚಿಪ್ಪುಗಳ ಚಿತ್ರ ತೆಗೆದದ್ದು ಹಡಗಿನಿಂದ ಇಳಿಬಿಟ್ಟ ಕ್ಯಾಮೆರಾ. 2023ರಲ್ಲಿ ಮನುಷ್ಯರನ್ನು ಕೊಂಡೊಯ್ದ 'ಟೈಟನ್' ನೌಕೆ ಆಳದಲ್ಲಿ ಒಡೆದು ಐವರು ಸತ್ತರು. ಆದರೆ ಯಂತ್ರವೋ ಮನುಷ್ಯನೋ ಎಂಬ ಜಗಳ ನನಗೆ ಅಷ್ಟು ಮುಖ್ಯವಲ್ಲ. ಯಾರು ಕಳಿಸಿದರು, ಏನು ತರಲು ಹೇಳಿದರು ಎಂಬುದು ಮುಖ್ಯ.

ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ 'ಮತ್ಸ್ಯ 6000' ಹೆಮ್ಮೆಯ ಕೆಲಸವೇ. ಆದರೆ 2021ರಲ್ಲಿ ಒಪ್ಪಿಗೆ ಪಡೆದ ಆಳಸಾಗರ ಯೋಜನೆಯಲ್ಲಿ ಆ ನೌಕೆಯೂ ಆಳದ ಗಣಿಗಾರಿಕೆಯ ತಂತ್ರವೂ ಒಂದೇ ಶೀರ್ಷಿಕೆಯಡಿ ಇವೆ. ಮಧ್ಯ ಹಿಂದೂ ಮಹಾಸಾಗರದಲ್ಲಿ ಭಾರತಕ್ಕೆ ಹಂಚಿಕೆಯಾದ 75,000 ಚದರ ಕಿ.ಮೀ. ತಳದಲ್ಲಿ ಮ್ಯಾಂಗನೀಸ್, ನಿಕಲ್, ಕೋಬಾಲ್ಟ್ ಇರುವ ಕರಿ ಉಂಡೆಗಳಿವೆ. ಬ್ಯಾಟರಿಗೆ ಲೋಹ ಬೇಕು, ನೆಲದ ಗಣಿ ಕಾಡನ್ನು ತಿನ್ನುತ್ತದೆ, ಸಮುದ್ರದ್ದೇ ವಾಸಿ ಎನ್ನುವವರಿದ್ದಾರೆ. ಲೋಹ ಬೇಕೆಂಬುದು ನಿಜ. ವಾಸಿ ಎಂದು ಹೇಳಲು ಮಾತ್ರ ಅಲ್ಲಿ ಏನಿದೆಯೆಂದು ಮೊದಲು ಗೊತ್ತಿರಬೇಕು. ಉಂಡೆ ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು, ಅದಕ್ಕೇ ಅಂಟಿ ಬದುಕುವ ಜೀವಿಗಳಿವೆ. ಪೆರು ಕಡಲತಳದಲ್ಲಿ 1989ರಲ್ಲಿ ಪ್ರಯೋಗಕ್ಕೆಂದು ಉತ್ತ ಗೆರೆಗಳು 2015ರಲ್ಲೂ ಹಾಗೇ ಇದ್ದವು.

ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಗುಡ್ಡಗಳು ಬೋಳಾದ ಮೇಲೆ. ಆದರೂ ಇಲ್ಲಿ ಕೆಂಧೂಳು ಎಲೆಯ ಮೇಲೆ ಕೂರುತ್ತಿತ್ತು, ಲಾರಿಗಳ ಸಾಲು ದಾರಿಹೋಕನಿಗೂ ಕಾಣುತ್ತಿತ್ತು, ದೂರು ಕೊಡುವವರಿದ್ದರು. ಐದು ಕಿಲೋಮೀಟರ್ ನೀರಿನಡಿ ಏಳುವ ಕೆಸರನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳಬಲ್ಲವರು 'ಮತ್ಸ್ಯ'ದೊಳಗಿನ ಮೂವರು ಮಾತ್ರ. ಅವರನ್ನು ಗಣಿಯ ಸರ್ವೆದಾರರನ್ನಾಗಿ ಕಳಿಸಬಾರದು.