ಬೀಸುವ ಕಲ್ಲೂ ಬ್ಯಾಂಕಿನ ಖಾತೆಯೂ

ಧ್ಯಾನಕ್ಕೆ: ಧರ್ಮೋಪದೇಶಕಾಂಡ 24ನೆಯ ಅಧ್ಯಾಯ, 6, 10, 11ನೆಯ ವಚನಗಳು.



ಚಿಕ್ಕೋಡಿ, ರಾಯಬಾಗ ಸೀಮೆಯ ನಮ್ಮ ಸಭೆಗಳಲ್ಲಿ ಸಾಲವಿಲ್ಲದ ಮನೆಗಳು ಸ್ವಲ್ಪವೇ. ನಿಪ್ಪಾಣಿಯ ಕಡೆ ತಂಬಾಕಿಗೆ, ಅಥಣಿ ಕಾಗವಾಡಗಳ ಕಡೆ ಕಬ್ಬಿಗೆ, ಎಲ್ಲೆಡೆಯೂ ಮದುವೆಗೆ ಸಾಲ ಮಾಡುತ್ತಾರೆ. ಮದುವೆಯ ಸಾಲದ ಮಾತು ಇನ್ನೊಂದು ದಿನಕ್ಕಿರಲಿ.

ಒಬ್ಬ ಸಹೋದರನು ನೆರೆಯವನ ಸಾಲಕ್ಕೆ ಜಾಮೀನು ನಿಂತನು. ಮೂಲ ಸಾಲಗಾರನಷ್ಟೇ ಜಾಮೀನುದಾರನೂ ಹೊಣೆಯೆಂಬದು 1872ರ ಕರಾರು ಕಾಯಿದೆಯ ನೇಮ. ಇದನ್ನು ಅವನು ಅರಿಯನು. ನ್ಯಾಯಾಲಯದ ಸಮನ್ಸು ಬಂದಾಗ ಅದನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿ ಸುಮ್ಮನಿದ್ದನು. ಹಾಜರಾಗದ ಕಾರಣ ಏಕಪಕ್ಷೀಯ ಡಿಕ್ರಿಯಾಯಿತು. ಕಬ್ಬಿನ ಬಿಲ್ಲಿನ ಹಣ ತೆಗೆಯಲು ಬ್ಯಾಂಕಿಗೆ ಹೋದರೆ, ಖಾತೆ ಜಪ್ತಿಯಾಗಿದೆ, ನ್ಯಾಯಾಲಯದ ಅಪ್ಪಣೆಯಿಲ್ಲದೆ ಒಂದು ರೂಪಾಯಿಯೂ ಕೊಡಲಾಗದು ಎಂಬ ಉತ್ತರ ಬಂತು. ಆ ರಾತ್ರಿ ಅವನು ನನ್ನ ಬಳಿಗೆ ಬಂದು, "ಅಯ್ಯನವರೇ, ಇನ್ನೊಂದು ಬಿಲ್ಲು ಬರುವದದೆ. ಅದನ್ನು ಸಭೆಯ ಖಾತೆಗೆ ಹಾಕಿಸಿಕೊಂಡು ಆಮೇಲೆ ನನಗೆ ಕೊಡಿರಿ" ಎಂದನು. ಅವನ ಮನೆಯಲ್ಲಿ ಜೋಳ ತೀರಿತ್ತು. ನಾನು ಕೂಡಲೇ ಇಲ್ಲವೆನ್ನಲಿಲ್ಲವೆಂಬದನ್ನು ಇಲ್ಲಿ ಅರಿಕೆಮಾಡುತ್ತೇನೆ.

ಬೆಳಗಿನ ಜಾವದಲ್ಲಿ ಎರಡನೆಯ ಅರಸುಗಳ ಪುಸ್ತಕದ ಆ ವಿಧವೆ ನೆನಪಿಗೆ ಬಂದಳು. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ದಾಸರಾಗಿ ಒಯ್ಯಲು ಬಂದಿದ್ದನು. ಅವಳು ಬಾಗಿಲು ಮುಚ್ಚಿ ಎಣ್ಣೆ ಹೊಯ್ದಳು, ನಿಜ, ಆದರೆ ಮುಚ್ಚಿಟ್ಟುಕೊಳ್ಳಲಿಲ್ಲ. ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಿಂದ ನೀನೂ ಮಕ್ಕಳೂ ಬದುಕಿರಿ ಎಂದು ಎಲೀಷನು ಹೇಳಿದನು. ದೇವರು ಕೊಟ್ಟ ಎಣ್ಣೆಯಲ್ಲಿಯೂ ಸಾಲ ಕೊಟ್ಟವನಿಗೆ ಪಾಲಿತ್ತು.

ಆದರೂ ದೇವರು ಸಾಲ ಕೊಟ್ಟವನಿಗೂ ಗೆರೆ ಹಾಕಿದ್ದಾನೆ. ಅವನು ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು; ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದು, ಅದು ಮನೆಯವರ ಜೀವವೇ. ನಮ್ಮ ದೇಶದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲಿಯೂ ಇಂಥ ಗೆರೆಯುಂಟು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಹತಾರ, ಒಕ್ಕಲಿಗನ ಬದುಕಿಗೆ ಬೇಕಾದ ಎತ್ತು, ನೇಗಿಲು, ಬೀಜದ ಕಾಳು, ಕೂಲಿಕಾರನ ಕೂಲಿ, ಇವು ಜಪ್ತಿಗೆ ಒಳಪಡವು. ಹಣದ ಡಿಕ್ರಿಗಾಗಿ ಹೆಂಗಸನ್ನು ಸೆರೆಹಿಡಿಯಲಾಗದು. ಆದರೆ ಖಾತೆಯಲ್ಲಿರುವದು ಕೂಲಿಯೋ ಬೇರೆ ಹಣವೋ ಎಂಬದು ನ್ಯಾಯಾಧೀಶರಿಗೆ ತಾನಾಗಿ ತಿಳಿಯದು; ಪಾಸ್‌ಬುಕ್ಕಿನೊಂದಿಗೆ ಹೋಗಿ ಅರ್ಜಿ ಕೊಡಬೇಕು. ಕಬ್ಬು ಮಾರಿದ ಹಣವಂತೂ ಆ ಪಟ್ಟಿಯಲ್ಲಿಲ್ಲ.

ಸಮನ್ಸು ಸರಿಯಾಗಿ ಮುಟ್ಟದೆ ಏಕಪಕ್ಷೀಯ ಡಿಕ್ರಿಯಾದವನು, ಅದು ತಿಳಿದ ದಿನದಿಂದ 30 ದಿನಗಳಲ್ಲಿ ಅದನ್ನು ರದ್ದುಮಾಡಲು ಬೇಡಿಕೊಳ್ಳಬಹುದು. ನಮ್ಮ ಸಹೋದರನಿಗೆ ಆ ಬಾಗಿಲಿರಲಿಲ್ಲ, ಯಾಕಂದರೆ ಸಮನ್ಸು ಅವನ ಸೂರಿನಲ್ಲಿಯೇ ಇತ್ತು! ಇನ್ನುಳಿದದ್ದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಕರ್ತನು ತೋರಿಸಿದ ದಾರಿ: ಎದುರಾಳಿಯ ಸಂಗಡ ಬೇಗ ರಾಜಿಯಾಗುವದು. ಡಿಕ್ರಿಯಾದ ಮೇಲೆಯೂ ಡಿಕ್ರಿ ಪಡೆದವನು ಒಪ್ಪಿದರೆ ನ್ಯಾಯಾಲಯವು ಕಂತು ಕಟ್ಟಿಕೊಡಬಲ್ಲದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಲೋಕ ಅದಾಲತ್ತಿನಲ್ಲಿ ರಾಜಿಮಾಡಿಕೊಳ್ಳಬಹುದು. ಹೆಂಗಸರಿಗೆ, ಆದಾಯವೆಷ್ಟೇ ಇರಲಿ, ವಕೀಲರ ನೆರವು ಧರ್ಮಾರ್ಥ ದೊರೆಯುತ್ತದೆ.

ಸೋಮವಾರ ಇಬ್ಬರು ಹಿರಿಯರೂ ನಾನೂ ಅವನ ಸಂಗಡ ಚಿಕ್ಕೋಡಿಗೆ ಹೋದೆವು. ಸಾಲ ಕೊಟ್ಟವರು ಮೊದಲು ಮುಖ ತಿರುಗಿಸಿದರು. ಬರಲಿರುವ ಎರಡನೆಯ ಬಿಲ್ಲಿನ ಸಂಗತಿಯನ್ನು ನಮ್ಮ ಸಹೋದರನು ತಾನಾಗಿ ತಿಳಿಸಿದಾಗ, "ಕೂಡ್ರಿರಿ" ಎಂದರು. ಕಂತಿನ ಮಾತು ಈಗ ನಡೆದದೆ. ಅಷ್ಟರವರೆಗೆ ಆ ಮನೆಗೆ ಜೋಳವನ್ನು ಸಭೆಯ ಸುಗ್ಗಿಯ ಕಾಣಿಕೆಯಿಂದ ಕೊಡುತ್ತಿದ್ದೇವೆ.