ಗೋಡೆಯ ಮೇಲೆ ಹನ್ನೊಂದು ಮೀಟರ್

ನಮ್ಮ ಅಡ್ಡರಸ್ತೆಯ ಯಾವ ಕಟ್ಟಡದಲ್ಲಿ ಎಷ್ಟು ಸಂಸಾರ ಇವೆ ಎಂದು ತಿಳಿಯಲು ಯಾರನ್ನೂ ವಿಚಾರಿಸಬೇಕಿಲ್ಲ. ಗೇಟಿನ ಪಕ್ಕದ ಕರೆಂಟ್ ಮೀಟರ್ ಎಣಿಸಿದರೆ ಸಾಕು. ಮೂಲೆಯ ಮೂವತ್ತು-ನಲವತ್ತು ಸೈಟಿನಲ್ಲಿ ಹನ್ನೊಂದಿವೆ: ಹತ್ತು ಮನೆಗಳದ್ದು, ಒಂದು ಮೋಟರಿನದ್ದು. ಮೊದಲು ಅಲ್ಲಿ ಒಂದು ಶೀಟಿನ ಮನೆ, ಒಂದು ನುಗ್ಗೆ ಮರ ಇದ್ದವು. ನುಗ್ಗೆಕಾಯಿ ನಮ್ಮ ಮನೆಗೂ ಬರುತ್ತಿತ್ತು.

ಕಳೆದ ವಾರ ಆ ಕಟ್ಟಡದ ಮುಂದೆಯೇ ಮ್ಯಾನ್‌ಹೋಲ್ ಉಕ್ಕಿತು. ಜೆಟ್ಟಿಂಗ್ ಲಾರಿ ಬಂತು. ಅರ್ಧ ಗಂಟೆ ಒದ್ದಾಡಿದ ಹುಡುಗ ಕೈ ತೊಳೆಯುತ್ತಾ, "ಕೆಳಗಿರೋದು ಆರಿಂಚು ಪೈಪು ಸಾರ್, ಮೇಲೆ ನೋಡಿದ್ರೆ ಐದು ಫ್ಲೋರು. ಮುಂದಿನ ತಿಂಗಳು ಮತ್ತೆ ಫೋನ್ ಮಾಡ್ತೀರ ಬಿಡಿ" ಅಂದ.

ಬೆಂಗಳೂರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಮ್ಮದು ಹಳದಿ, ಎಂದರೆ ವಸತಿ ಪ್ರದೇಶ. ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಲೆಕ್ಕಕ್ಕೆ ಎಫ್‌ಎಆರ್ ಎನ್ನುತ್ತಾರೆ. 2007ರಲ್ಲಿ ಒಪ್ಪಿಗೆ ಪಡೆದ ಪ್ಲಾನಿನಲ್ಲಿ 360 ಚದರ ಮೀಟರ್‌ವರೆಗಿನ ಸೈಟಿಗೆ ಅದು 1.75. ಮೂವತ್ತು-ನಲವತ್ತು ಎಂದರೆ 1,200 ಚದರಡಿ. ಎಲ್ಲ ಮಹಡಿ ಸೇರಿ 2,100 ಚದರಡಿ ದಾಟುವಂತಿಲ್ಲ. ಅಷ್ಟರಲ್ಲಿ ಹತ್ತು ಮನೆ ಹೇಗೆ ಹಿಡಿಸಿದವು ಎಂದು ಕೇಳಿದರೆ ಬೀದಿಯಲ್ಲಿ ಎಲ್ಲರೂ ನಗುತ್ತಾರೆ.

ನಿಯಮ ಮುರಿದದ್ದು ಹಳೆಯ ಕಥೆ. ನನಗೆ ಅದಕ್ಕಿಂತ ಸೋಜಿಗವೆನಿಸುವುದು ನಿಯಮವೇ. ಸೈಟು ದೊಡ್ಡದಾದಷ್ಟೂ, ರಸ್ತೆ ಅಗಲವಾದಷ್ಟೂ ಹೆಚ್ಚು ಕಟ್ಟಬಹುದು ಎನ್ನುತ್ತದೆ ಅದರ ಕೋಷ್ಟಕ. ರಸ್ತೆಯ ಅಡಿಯಲ್ಲಿ ಎಷ್ಟಿಂಚಿನ ಪೈಪಿದೆ, ಕಾವೇರಿ ನೀರು ವಾರಕ್ಕೆಷ್ಟು ಸಲ ಬರುತ್ತದೆ ಎನ್ನುವುದಕ್ಕೆ ಅಲ್ಲೊಂದು ಕಾಲಂ ಇಲ್ಲ. ಅಗಲ ಅಳೆದರು, ಆಳ ಮರೆತರು.

ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು ಎನ್ನುತ್ತದೆ ಕಾಯ್ದೆ. 1984, 1995, 2007 ಎಂದು ಒಂದಿಷ್ಟು ತಡವಾಗಿಯಾದರೂ ಅದು ನಡೆದು ಬಂತು. ಆಮೇಲೆ ನಿಂತಿತು. 2031ಕ್ಕೆಂದು 2017ರಲ್ಲಿ ಬಂದ ಕರಡಿಗೆ ಆಕ್ಷೇಪಣೆಗಳ ಮಳೆ ಸುರಿದು ಕೊನೆಗೆ ಅದನ್ನು ವಾಪಸ್ ಪಡೆದರು. ಹೆಸರಿನಲ್ಲೇ 2015 ಎಂದಿರುವ 2007ರ ಪ್ಲಾನ್ ಅವಧಿ ಮುಗಿದ ಮೇಲೂ ಕೆಲಸ ಮಾಡುತ್ತಲೇ ಇತ್ತು, ನಿವೃತ್ತಿಯಾದರೂ ಕುರ್ಚಿ ಬಿಡದ ಗುಮಾಸ್ತನ ಹಾಗೆ. ಇನ್ನೊಂದು ಕಡೆ, ನಿಯಮ ಮೀರಿ ಕಟ್ಟಿದ್ದನ್ನು ಒಂದು ಮಿತಿಯವರೆಗೆ ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಹಳದಿ ಎಂದರೆ ಬರೀ ಮನೆ, ಬೇರೇನೂ ಕೂಡದು ಎನ್ನುವವರ ಜೊತೆ ನಾನಿಲ್ಲ. ಗ್ಯಾರೇಜಿನಲ್ಲಿ ದೋಸೆ ಹಿಟ್ಟು ಮಾರುವ ಅಮ್ಮ, ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡ ಟೈಲರ್, ಸಂಜೆಯ ಟ್ಯೂಷನ್, ಇವು ಇಲ್ಲದ ಬೀದಿ ನನಗೆ ಬೇಡ. ಊರು ಬೆಳೆಯುವಾಗ ಮಹಡಿಯೂ ಏಳಲಿ. ಮೊದಲು ಪೈಪು ಹಾಕಿ, ಆಮೇಲೆ ನಕ್ಷೆಯಲ್ಲಿ ಬಣ್ಣ ಬಳಿಯಿರಿ ಅನ್ನುತ್ತೇನೆ, ಅಷ್ಟೆ.

ಮೂಲೆಯ ಕಟ್ಟಡದ ಮೇಲೆ ನಾವು ಕೊಟ್ಟ ದೂರಿಗೆ ಮೊದಲ ಸಹಿ ಎದುರು ಮನೆಯ ಹಿರಿಯರದು. ನಿನ್ನೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ಮಗ ವಾಪಸ್ ಬರ್ತಾನಂತೆ. ಮೇಲೆ ಇನ್ನೆರಡು ಫ್ಲೋರ್ ಎತ್ತೋಣ ಅಂತಿದೀವಿ, ಒಂದು ಬಾಡಿಗೆಗೆ. ಒಳ್ಳೆ ಇಂಜಿನಿಯರ್ ಯಾರಾದ್ರೂ ಗೊತ್ತಾ ನಿಮಗೆ?" ಎಂದರು.

ಗೊತ್ತಿದ್ದ ಒಬ್ಬರ ನಂಬರ್ ಕೊಟ್ಟೆ. ಅವರ ಮನೆ ಮುಂದೆ ಹಾದುಹೋಗುವುದೂ ಅದೇ ಆರಿಂಚಿನ ಪೈಪು.