ಕಡಿವಾಣವೋ, ಒಡವೆಯೋ?

ಯುರೋಪಿನ ನೈಟುಗಳ ಶಿವಲ್ರಿಯನ್ನು, ಅಂದರೆ ವೀರಧರ್ಮವನ್ನು, ಹೊಗಳುವವರು ಕತ್ತಿಗೂ ಒಂದು ನೀತಿಯಿತ್ತು ಎನ್ನುತ್ತಾರೆ. ಇತ್ತು, ನಿಜ. ಆದರೆ ಆ ನೀತಿಯ ಕೆಲಸ ಎರಡು ಬಗೆಯದು. ಶರಣಾದವನನ್ನು ಕೊಲ್ಲಬೇಡ ಎಂದಾಗ ಅದು ಹಿಂಸೆಗೆ ಕಡಿವಾಣ. ಕೊಂದವನು ನೈಟ್, ಆದ್ದರಿಂದ ಕೊಲೆಯೂ ಉದಾತ್ತ ಎಂದಾಗ ಅದೇ ಹಿಂಸೆಗೆ ತೊಡಿಸಿದ ಒಡವೆ. ವೀರಧರ್ಮದ ಬಗ್ಗೆ ವೇದಿಕೆಗಳಲ್ಲಿ ಕೇಳಿಬರುವ ಮಾತೆಲ್ಲ ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಮಾರುವ ಮಾತು.

ಈ ವ್ಯಾಪಾರದಲ್ಲಿ ಪಳಗಿದ ಕೈ ವಿಕ್ಟೋರಿಯಾ ಕಾಲದ ಕವಿ ಟೆನಿಸನ್‌ನದು. ಅವನಿಗೆ ಆಕರವಾದ, 15ನೇ ಶತಮಾನದ ಲೇಖಕ ಮ್ಯಾಲೊರಿಯ ಕಥೆಯಲ್ಲಿ, ಮೇ 1ರಂದು ಹುಟ್ಟಿದ ಮಗುವೊಂದು ತನ್ನ ನಾಶಕ್ಕೆ ಕಾರಣವಾಗುತ್ತದೆ ಎಂದು ಹೆದರಿದ ಆರ್ಥರ್ ದೊರೆ, ಅಂದು ಹುಟ್ಟಿದ ಕೂಸುಗಳನ್ನೆಲ್ಲ ಹಡಗಿಗೆ ಹಾಕಿ ಕಡಲಿಗೆ ಬಿಡಿಸುತ್ತಾನೆ. (ಕಂಸ ನೆನಪಾದರೆ ತಪ್ಪೇನಿಲ್ಲ.) ಟೆನಿಸನ್‌ನ ಕಾವ್ಯ ‘ಐಡಿಲ್ಸ್ ಆಫ್ ದಿ ಕಿಂಗ್’ನಲ್ಲಿ ಈ ಕಥೆಯ ಸುಳಿವೇ ಇಲ್ಲ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟನ ನೆನಪಿಗೆ ಕಾವ್ಯವನ್ನು ಅರ್ಪಿಸಿದ ಆಸ್ಥಾನಕವಿಗೆ ಕಳಂಕವಿಲ್ಲದ ದೊರೆ ಬೇಕಿತ್ತು.

ಟೆನಿಸನ್‌ಗೆ ಹಿಂಸೆ ಕಾಣುತ್ತಿರಲಿಲ್ಲವೆಂದಲ್ಲ. ಅದೇ ಕಾವ್ಯದ ಭಾಗವಾದ 1871ರ ‘ದಿ ಲಾಸ್ಟ್ ಟೂರ್ನಮೆಂಟ್’ನಲ್ಲಿ ಕುಡಿದು ಬಿದ್ದ ಶತ್ರುವಿನ ಮುಖವನ್ನು ಆರ್ಥರನ ನೈಟುಗಳು ಕೆಸರಿಗೆ ತುಳಿಯುತ್ತಾರೆ, ಆಮೇಲೆ ಕೋಟೆಗೆ ನುಗ್ಗಿ ಹೆಂಗಸರನ್ನೂ ಬಿಡದೆ ಕೊಲ್ಲುತ್ತಾರೆ. ದೊರೆ ಮಾತ್ರ ಕತ್ತಿ ಎತ್ತುವುದಿಲ್ಲ. ರಕ್ತವೆಲ್ಲ ಆಳುಗಳ ಕೈಗೆ, ಆದರ್ಶ ಮಡಿಯಲ್ಲೇ ಉಳಿಯಿತು!

ಇದಕ್ಕೂ ಮೊದಲೇ, 1858ರಲ್ಲಿ, ಇಪ್ಪತ್ತು ದಾಟಿದ ಹರೆಯದ ಕವಿ ವಿಲಿಯಂ ಮಾರಿಸ್ ತನ್ನ ಕವನಗಳ ಪುಸ್ತಕದಲ್ಲಿ ‘ದಿ ಹೇಸ್ಟ್ಯಾಕ್ ಇನ್ ದಿ ಫ್ಲಡ್ಸ್’ ಎಂಬ ಕವನ ಪ್ರಕಟಿಸಿದ್ದ. ಜಡಿಮಳೆ, ನೆನೆದ ಹುಲ್ಲಿನ ಮೆದೆ. ತಪ್ಪಿಸಿಕೊಂಡು ಹೋಗುತ್ತಿದ್ದ ಪ್ರೇಮಿಗಳಾದ ಜೆಹಾನ್ ಮತ್ತು ರಾಬರ್ಟ್‌ರನ್ನು ಅವರ ಶತ್ರು ಗೊಡ್ಮಾರ್ ಅಡ್ಡಗಟ್ಟುತ್ತಾನೆ. ಅವನ ಬಾವುಟದಲ್ಲಿ ಮೂರು ಕೆಂಪು ಸಿಂಹಗಳು, ಅವನೂ ಕುಲೀನನೇ. ತನಗೆ ಒಲಿಯದಿದ್ದರೆ ರಾಬರ್ಟ್ ಸಾಯುತ್ತಾನೆ ಎಂದು ಜೆಹಾನ್‌ಗೆ ಒಂದು ಗಂಟೆ ಗಡುವು ಕೊಡುತ್ತಾನೆ. ಅವಳು ಅಳುವುದಿಲ್ಲ, ಪ್ರಾರ್ಥಿಸುವುದೂ ಇಲ್ಲ. ಒದ್ದೆ ಹುಲ್ಲಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ, ಕನಸಿಲ್ಲದ ನಿದ್ದೆ. ಎದ್ದು, ಆಗುವುದಿಲ್ಲ ಎನ್ನುತ್ತಾಳೆ. ಗೊಡ್ಮಾರ್ ರಾಬರ್ಟನ ಕತ್ತು ಕುಯ್ಯುತ್ತಾನೆ, ಗೊಡ್ಮಾರ್‌ನ ಕಡೆಯವರು ಓಡಿಬಂದು ತಲೆಯನ್ನು ಜಜ್ಜುತ್ತಾರೆ. ಇಲ್ಲಿ ಸಿಂಹಗಳ ಬಾವುಟ ಯಾರ ಕೈಯನ್ನೂ ತಡೆಯಲಿಲ್ಲ, ಮಾರಿಸ್ ಅದಕ್ಕೆ ಗೌರವವನ್ನೂ ಕೊಡಲಿಲ್ಲ. ಮಧ್ಯಯುಗವನ್ನು ಅವನಷ್ಟು ಪ್ರೀತಿಸಿದವರು ಕಡಿಮೆ. ಆದರೂ ಒಡವೆಯನ್ನು ಕಡಿವಾಣವೆಂದು ಅವನು ನಂಬಿಸಲಿಲ್ಲ.

ಆ ಪುಸ್ತಕವನ್ನು ಆಗ ಕೇಳುವವರೇ ಇರಲಿಲ್ಲ. ಮರುವರ್ಷ ಬಂದ ‘ಐಡಿಲ್ಸ್’ನ ಮೊದಲ ಕಂತು ಸಾವಿರಗಟ್ಟಲೆ ಪ್ರತಿ ಮಾರಾಟವಾಯಿತು.